‘ಇದೇ ಥರದ್ದು ಇನ್ನೊಂದು ಹೇಳಿ’

(ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿ–ಚಿತ್ರಗಳ, ನೋಡುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅನಿಮೆ ನೋಡುವವರು ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ. ‘ಅದನ್ನು ನೋಡಿ ಮುಗಿಸಿದೆ, ಇದೇ ಥರದ್ದು ಇನ್ನೊಂದು ಹೇಳಿ.’ ಕೇಳುವವರಿಗೆ ಅರ್ಧ ನಿಮಿಷ ಸಾಕು. ಹೇಳುವವರೂ ಅರ್ಧ ನಿಮಿಷದಲ್ಲಿ ಎರಡು ಹೆಸರು ಒಗೆದು ಕೈತೊಳೆದುಕೊಳ್ಳುತ್ತಾರೆ. ಆ ಮಾತನ್ನು ನಂಬಿದವರು ಮಾತ್ರ ಹನ್ನೆರಡು ಕಂತಿನ ಸರಣಿಯಾದರೆ ಐದು ಗಂಟೆ, ಇಪ್ಪತ್ತಾರು ಕಂತಾದರೆ ಹತ್ತು ಗಂಟೆ ಅದರ ಮುಂದೆ ಕೂರಬೇಕು. ಕೂತು, ಮೂರನೆಯ ಕಂತಿಗೆ ಎದ್ದು ಹೋಗಿ, ನಮ್ಮ ಮೇಲಿನ ನಂಬಿಕೆಯನ್ನೂ ಅಲ್ಲೇ ಬಿಟ್ಟುಹೋದರೆ ತಪ್ಪು ಅವರದ್ದಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಹೋಲಿಕೆಯನ್ನು ಕಥೆಯ ಸಾರಾಂಶದಲ್ಲಿ ಹುಡುಕಬೇಡಿ. ಬಾಹ್ಯಾಕಾಶದ ಕಥೆ ಇಷ್ಟಪಟ್ಟವರಿಗೆ ಇನ್ನೊಂದು ಬಾಹ್ಯಾಕಾಶದ ಕಥೆ, ಶಾಲೆಯ ಕಥೆಗೆ ಇನ್ನೊಂದು ಶಾಲೆಯ ಕಥೆ ಅಂತ ಕೊಡುತ್ತಾ ಹೋದರೆ ಹತ್ತರಲ್ಲಿ ಎಂಟು ಸಲ ಗುರಿ ತಪ್ಪುತ್ತದೆ. ನೋಡಿದವರ ಮನಸ್ಸಿಗೆ ಅದರಲ್ಲಿ ಯಾವುದು ತಾಗಿತು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಅದಕ್ಕೆ ನಾನು ಬಳಸುವ ಪ್ರಶ್ನೆ ಸರಳವಾದದ್ದು: ‘ಯಾವ ದೃಶ್ಯವನ್ನು ಇನ್ನೊಬ್ಬರಿಗೆ ಹೇಳಬೇಕು ಅನ್ನಿಸಿತು?’ ಯಾಕೆ ಇಷ್ಟವಾಯಿತು ಅಂತ ಕೇಳಿದರೆ ಜನ ‘ಚೆನ್ನಾಗಿತ್ತು’ ಅಂದುಬಿಡುತ್ತಾರೆ. ದೃಶ್ಯ ಹೇಳಿ ಅಂದರೆ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ.

ಉದಾಹರಣೆಗೆ ‘ಕೌಬಾಯ್ ಬೀಬಾಪ್’ ತೆಗೆದುಕೊಳ್ಳಿ. 1998ರದ್ದು, ಸನ್‌ರೈಸ್ ಸ್ಟುಡಿಯೋ, 26 ಕಂತು, ನಿರ್ದೇಶನ ಶಿನಿಚಿರೊ ವತನಾಬೆ. ಕಥೆ ನಡೆಯುವುದು 2071ರಲ್ಲಿ. ಹಣಕ್ಕಾಗಿ ಅಪರಾಧಿಗಳನ್ನು ಹಿಡಿದುಕೊಡುವ ಸ್ಪೈಕ್, ಜೆಟ್, ಫೇ, ಎಡ್, ಜೊತೆಗೆ ಐನ್ ಅನ್ನುವ ಒಂದು ನಾಯಿ, ಎಲ್ಲರೂ ಒಂದೇ ಹಡಗಿನಲ್ಲಿ. ಸಾರಾಂಶ ಓದಿದರೆ ‘ಬಾಹ್ಯಾಕಾಶದ ಸಾಹಸ’. ಅದನ್ನೇ ಹಿಡಿದು ಹೊರಟರೆ ಗ್ರಹದಿಂದ ಗ್ರಹಕ್ಕೆ ಹಾರುವ ನೂರು ಸರಣಿಗಳಿವೆ, ಬೀಬಾಪ್ ನೋಡಿದವರಿಗೆ ಅವುಗಳಲ್ಲಿ ಬಹುಪಾಲು ಸಪ್ಪೆ ಅನ್ನಿಸುತ್ತವೆ.

ದೃಶ್ಯ ಕೇಳಿ ನೋಡಿ. ಒಬ್ಬರು ಮೊದಲ ಕಂತಿನ ಊಟದ ದೃಶ್ಯ ಹೇಳುತ್ತಾರೆ. ಜೆಟ್ ದೊಣ್ಣೆಮೆಣಸು ಮತ್ತು ಬೀಫ್ ಹಾಕಿದ ಅಡುಗೆ ಅಂತ ತಟ್ಟೆ ಮುಂದಿಡುತ್ತಾನೆ. ಸ್ಪೈಕ್ ಕೆದಕಿ ನೋಡಿದರೆ ಅದರಲ್ಲಿ ಬೀಫೇ ಇಲ್ಲ, ಬರೀ ದೊಣ್ಣೆಮೆಣಸು. ಕೈಯಲ್ಲಿ ಕಾಸಿಲ್ಲದಿದ್ದಾಗ ಇದನ್ನೂ ಹಾಗೇ ಕರೆಯುತ್ತಾರೆ ಅನ್ನುವ ಧಾಟಿಯಲ್ಲಿ ಜೆಟ್ ಉತ್ತರ ಕೊಡುತ್ತಾನೆ. ಈ ದೃಶ್ಯ ನೆನಪಿಟ್ಟುಕೊಂಡವರಿಗೆ ಹಿಡಿಸಿದ್ದು ಹಡಗಲ್ಲ, ಗುಂಡೇಟೂ ಅಲ್ಲ. ಭವಿಷ್ಯದಲ್ಲೂ ಬಾಡಿಗೆ, ಸಾಲ, ಖಾಲಿ ಫ್ರಿಜ್ಜು ತಪ್ಪುವುದಿಲ್ಲ ಎಂಬ ಆ ಬಡತನದ ವಾಸನೆ. ಅವರಿಗೆ ‘ಪ್ಲಾನೆಟೀಸ್’ ಕೊಡಿ. 2003ರದ್ದು, ಅದೂ ಸನ್‌ರೈಸ್‌ನದ್ದೇ, ನಿರ್ದೇಶನ ಗೊರೊ ತನಿಗುಚಿ. 2075ರಲ್ಲಿ ಭೂಮಿಯ ಸುತ್ತ ತೇಲುತ್ತಿರುವ ಕಸ ಹೆಕ್ಕುವ ನೌಕರರ ಕಥೆ. ಕಂಪನಿಯಲ್ಲಿ ಅವರದ್ದು ಯಾರೂ ಲೆಕ್ಕಕ್ಕಿಡದ ವಿಭಾಗ; ಬೇಕಾದಷ್ಟು ಜನರನ್ನೇ ಕೊಡದ ಆ ವಿಭಾಗಕ್ಕೆ ಕಚೇರಿಯವರು ‘ಅರ್ಧ ವಿಭಾಗ’ ಅಂತ ಅಡ್ಡಹೆಸರಿಟ್ಟಿದ್ದಾರೆ. ಒಂದು ಸಣ್ಣ ಸ್ಕ್ರೂ ಪ್ರಯಾಣಿಕರ ನೌಕೆಗೆ ಬಡಿದರೆ ಏನಾಗುತ್ತದೆ ಎಂಬುದನ್ನು ಶುರುವಿನಲ್ಲೇ ತೋರಿಸಿಬಿಡುತ್ತಾರೆ, ಆಮೇಲೆ ಕಸ ಹೆಕ್ಕುವುದನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಮೊದಲ ಕೆಲವು ಕಂತುಗಳ ಹಾಸ್ಯ ಒರಟಾಗಿದೆ, ಅದನ್ನು ಮುಂಚೆಯೇ ಹೇಳಿಬಿಡಿ.

ಇನ್ನೊಬ್ಬರು ಐದನೆಯ ಕಂತಿನ ಚರ್ಚಿನ ದೃಶ್ಯ ಹೇಳುತ್ತಾರೆ. ಸ್ಪೈಕ್ ಬಣ್ಣದ ಗಾಜಿನ ಕಿಟಕಿ ಒಡೆದುಕೊಂಡು ಹಿಂದಕ್ಕೆ ಬೀಳುತ್ತಾನೆ, ಸುತ್ತಲಿನ ಸದ್ದೆಲ್ಲ ನಿಂತು ಎಳೆಯ ಕಂಠಗಳ ಹಾಡೊಂದು ಉಳಿಯುತ್ತದೆ. ಇವರಿಗೆ ಬೇಕಾದದ್ದು ಸಂಗೀತ. ಬೀಬಾಪ್‌ಗೆ ಸಂಗೀತ ಕೊಟ್ಟ ಯೋಕೊ ಕನ್ನೊ ಅವರ ಹೆಸರು ಹಿಡಿದು ಹೋಗಿ. ವತನಾಬೆ ಮತ್ತು ಕನ್ನೊ 2012ರಲ್ಲಿ ಮತ್ತೆ ಜೊತೆಯಾಗಿ ‘ಕಿಡ್ಸ್ ಆನ್ ದ ಸ್ಲೋಪ್’ ಮಾಡಿದರು. ಹಡಗಿಲ್ಲ, ಬಂದೂಕಿಲ್ಲ, 1966ರ ಸಾಸೆಬೊ ಊರು, ಹೈಸ್ಕೂಲು, ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ಜಾಝ್ ಅಭ್ಯಾಸ. ಏಳನೆಯ ಕಂತಿನಲ್ಲಿ ಶಾಲಾ ಉತ್ಸವದ ದಿನ ಕರೆಂಟ್ ಹೋಗುತ್ತದೆ. ವೇದಿಕೆಯ ಮೇಲಿದ್ದ ರಾಕ್ ತಂಡದ ಬಾಯಿ ಕಟ್ಟಿಹೋಗುತ್ತದೆ. ಕತ್ತಲೆಯಲ್ಲಿ ಕಾವೊರು ಪಿಯಾನೋ ಮುಂದೆ ಕೂತು ಶುರು ಮಾಡುತ್ತಾನೆ, ಮಾತು ಬಿಟ್ಟಿದ್ದ ಗೆಳೆಯ ಸೆಂತಾರೊ ಹಿಂದಿನಿಂದ ಡ್ರಮ್ಸ್ ಹಿಡಿಯುತ್ತಾನೆ. ಇಬ್ಬರ ನಡುವಿನ ಮುನಿಸು ಅಲ್ಲೇ, ಒಂದೂ ಮಾತಿಲ್ಲದೆ ಕರಗುತ್ತದೆ. ಚರ್ಚಿನ ದೃಶ್ಯ ಇಷ್ಟಪಟ್ಟವರು ಇದನ್ನು ನೋಡಿ ಎದ್ದು ನಿಲ್ಲದಿದ್ದರೆ ಕೇಳಿ. ಕಥೆಯ ಸಾರಾಂಶ ಇಟ್ಟುಕೊಂಡು ಹುಡುಕಿದವರು ಬೀಬಾಪ್‌ನಿಂದ ಇಲ್ಲಿಗೆ ಎಂದಾದರೂ ಬಂದು ಮುಟ್ಟುತ್ತಿದ್ದರೇ?

ಮೂರನೆಯವರಿಗೆ ಆ ಠೀವಿ ಬೇಕು. ಕಿಸೆಯಲ್ಲಿ ಕೈಯಿಟ್ಟು ನಡೆಯುವುದು, ಸೋಲುತ್ತೇನೆಂದು ಗೊತ್ತಿದ್ದರೂ ತಲೆಕೆಡಿಸಿಕೊಳ್ಳದಿರುವುದು. ಇದಕ್ಕೆ ಉತ್ತರ ಸುಲಭ, ‘ಸಾಮುರಾಯ್ ಚಾಂಪ್ಲೂ’. 2004, ಅದೇ ವತನಾಬೆ, ಕತ್ತಿಕಾಳಗಕ್ಕೆ ಹಿಪ್‌ಹಾಪ್ ಬೆರೆಸಿದ ಸರಣಿ. ಹೆಚ್ಚು ವಿವರಿಸಬೇಕಿಲ್ಲ, ಮೊದಲ ಹತ್ತು ನಿಮಿಷದಲ್ಲೇ ಅದು ತನ್ನ ಗುಣ ತೋರಿಸುತ್ತದೆ.

ನನಗೆ ತುಂಬ ಇಷ್ಟವಾದ ಹಾದಿ ಇನ್ನೊಂದಿದೆ. ಬೀಬಾಪ್‌ನ ಮುಖ್ಯ ಬರಹಗಾರ್ತಿ ಕೆಯ್ಕೊ ನೊಬುಮೊಟೊ. ಅವರೇ ಸತೋಶಿ ಕೊನ್ ಜೊತೆ ಸೇರಿ 2003ರ ‘ಟೋಕಿಯೊ ಗಾಡ್‌ಫಾದರ್ಸ್’ ಚಿತ್ರದ ಚಿತ್ರಕಥೆ ಬರೆದರು. ಕ್ರಿಸ್‌ಮಸ್ ಹಿಂದಿನ ರಾತ್ರಿ ಬೀದಿಯಲ್ಲೇ ಬದುಕುವ ಮೂವರಿಗೆ ಕಸದ ರಾಶಿಯಲ್ಲಿ ಒಂದು ಹಸುಗೂಸು ಸಿಗುತ್ತದೆ. ಕುಡುಕ ಗಿನ್, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ಹಾನಾ, ಮನೆ ಬಿಟ್ಟು ಬಂದ ಹುಡುಗಿ ಮಿಯುಕಿ. ಬೀಬಾಪ್ ಹಡಗಿನಲ್ಲಿ ಏನಿತ್ತು ಯೋಚಿಸಿ. ರಕ್ತಸಂಬಂಧ ಇಲ್ಲದವರು, ಒಬ್ಬರಿಗೊಬ್ಬರು ಬೈದುಕೊಳ್ಳುತ್ತಲೇ ಒಂದೇ ಸೂರಿನಡಿ ಇರುವವರು, ಹಿಂದೆ ಬಿಟ್ಟು ಬಂದ ಬದುಕಿನ ಬಗ್ಗೆ ಬಾಯಿಬಿಡದವರು. ಇಲ್ಲಿ ಸೂರೂ ಇಲ್ಲ, ಅಷ್ಟೇ ವ್ಯತ್ಯಾಸ. ಫೇ ತನ್ನ ಹಳೆಯ ಟೇಪ್ ನೋಡುವ ಕಂತು ಯಾರ ಮನಸ್ಸಿನಲ್ಲಿ ಉಳಿದಿದೆಯೋ ಅವರಿಗೆ ನಾನು ಕಣ್ಣುಮುಚ್ಚಿ ಕೊಡುವುದು ಈ ಚಿತ್ರವನ್ನೇ.

ಒಂದೇ ಸರಣಿ, ನಾಲ್ವರು ಅಭಿಮಾನಿಗಳು, ನಾಲ್ಕು ಕಡೆಗೆ ಹಾದಿ. ಕೊನೆಯ ಶೀರ್ಷಿಕೆಗಳಲ್ಲಿ ಓಡುವ ಹೆಸರುಗಳನ್ನು ನಾವು ಓದುವುದೇ ಇಲ್ಲ. ನಿರ್ದೇಶಕರ ಹೆಸರು ಕೆಲವರಿಗಾದರೂ ಗೊತ್ತಿರುತ್ತದೆ, ಚಿತ್ರಕಥೆ ಬರೆದವರು, ಸಂಗೀತ ಕೊಟ್ಟವರು, ಮೂಲ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಚಿತ್ರಿಸಿದವರು ಯಾರಿಗೂ ಬೇಡ. ಒಳ್ಳೆಯ ಶಿಫಾರಸುಗಳು ಸಿಗುವುದು ಹೆಚ್ಚಾಗಿ ಅಲ್ಲೇ.

‘ಡೆತ್ ನೋಟ್’ ನೋಡಿ, ಹೆಸರು ಬರೆದರೆ ಆ ವ್ಯಕ್ತಿ ಸಾಯುವ ಪುಸ್ತಕವೊಂದು ಹುಡುಗನ ಕೈಗೆ ಸಿಗುವ ಕಥೆ. ಅದರ ಹೆಸರು ಹೇಳಿದ ಕೂಡಲೇ ಎಲ್ಲರೂ ಹೇಳುವುದು ‘ಕೋಡ್ ಗಿಯಾಸ್’. ಎರಡೂ 2006ರ ಅಕ್ಟೋಬರ್‌ನಲ್ಲೇ ಪ್ರಸಾರ ಶುರು ಮಾಡಿದವು, ಎರಡರಲ್ಲೂ ಅತಿಬುದ್ಧಿವಂತ ಹುಡುಗ, ಕೈಗೆ ಬಂದ ಅಮಾನುಷ ಶಕ್ತಿ, ಜಗತ್ತನ್ನೇ ತಿದ್ದುತ್ತೇನೆಂಬ ಹಟ. ತಪ್ಪು ಶಿಫಾರಸಲ್ಲ. ಆದರೆ ಡೆತ್ ನೋಟ್‌ನಲ್ಲಿ ಜನ ನಗುತ್ತಾ ನೆನಪಿಸಿಕೊಳ್ಳುವ ದೃಶ್ಯ ಯಾವುದು? ಆಲೂಗಡ್ಡೆ ಚಿಪ್ಸ್. ಆ ಹುಡುಗ ಲೈಟ್‌ನ ಕೋಣೆಯಲ್ಲೆಲ್ಲ ಪೊಲೀಸರು ಕ್ಯಾಮೆರಾ ಇಟ್ಟು ಕಾಯುತ್ತಿದ್ದಾರೆ. ಲೈಟ್ ಒಂದು ಕೈಯಲ್ಲಿ ಪಾಠ ಬರೆಯುತ್ತಾ, ಇನ್ನೊಂದು ಕೈಯನ್ನು ಚಿಪ್ಸ್ ಪೊಟ್ಟಣಕ್ಕೆ ಹಾಕಿ, ಅದರೊಳಗೆ ಬಚ್ಚಿಟ್ಟ ಪುಟ್ಟ ಟೀವಿ ನೋಡಿ ಹೆಸರು ಬರೆಯುತ್ತಾನೆ. ಚಿಪ್ಸ್ ತಿನ್ನುವುದನ್ನು ಯುದ್ಧದಂತೆ ಚಿತ್ರಿಸಿದ್ದಾರೆ. ಈ ದೃಶ್ಯದ ಮಜಾ ಹಿಡಿದವರಿಗೆ 2007ರ ‘ಕೈಜಿ’ ಇದೆ. ಸಾಲದಲ್ಲಿ ಮುಳುಗಿದವರನ್ನು ಹಡಗಿಗೆ ಹತ್ತಿಸಿ ಕಲ್ಲು–ಕತ್ತರಿ–ಕಾಗದ ಆಡಿಸುತ್ತಾರೆ, ಮಕ್ಕಳಾಟದ ಒಂದೊಂದು ನಡೆಗೂ ಬೆವರು ಕಿತ್ತುಬರುತ್ತದೆ. ಮುಖಗಳು ವಿಕಾರ, ಮೂಗು ಕತ್ತಿಯಷ್ಟು ಚೂಪು. ಎರಡು ಕಂತು ಕಳೆದ ಮೇಲೆ ಅದು ಕಣ್ಣಿಗೆ ಕಾಣುವುದೇ ಇಲ್ಲ.

ಒಬ್ಬ ಕೊಲೆಗಾರನ ಬೆನ್ನು ಹತ್ತುವ, ಅವನನ್ನು ಕೊಲ್ಲುವುದು ಸರಿಯೇ ಎಂದು ಒದ್ದಾಡುವ ಭಾಗ ಇಷ್ಟವಾದವರಿಗೆ ನವೊಕಿ ಉರಸಾವಾ ಅವರ ‘ಮಾನ್‌ಸ್ಟರ್’. 2004ರಲ್ಲಿ ಶುರುವಾದ ಸರಣಿ, 74 ಕಂತು. ಡೆತ್ ನೋಟ್‌ನ ವೇಗ ಇಲ್ಲಿ ಸಿಗುವುದಿಲ್ಲ, ಅಮಾನುಷ ಶಕ್ತಿ ಮೊದಲೇ ಇಲ್ಲ. ಒಬ್ಬ ವೈದ್ಯ, ಅವನು ಬದುಕಿಸಿದ ಒಬ್ಬ ಹುಡುಗ. ತಾಳ್ಮೆ ಇದೆಯೇ ಅಂತ ಕೇಳಿಕೊಂಡೇ ಕೊಡಿ.

ಇವೆರಡಕ್ಕಿಂತ ವಿಚಿತ್ರವಾದ ಇನ್ನೊಂದು ನೆಂಟಸ್ತಿಕೆ ಇದೆ. ಡೆತ್ ನೋಟ್ ಮಾಂಗಾವನ್ನು ಚಿತ್ರಿಸಿದವರು ತಕೇಶಿ ಒಬಾತಾ. ಅದಕ್ಕೂ ಮೊದಲು ಅವರು ಚಿತ್ರಿಸಿದ್ದು ‘ಹಿಕಾರು ನೊ ಗೊ’. ಕಥೆ ಬರೆದವರು ಬೇರೆ ಬೇರೆ, ಆದರೂ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲೊಬ್ಬ ಹುಡುಗ, ಅವನಿಗೆ ಒಂದು ವಸ್ತು ಸಿಗುತ್ತದೆ; ಆ ಕ್ಷಣದಿಂದ ಬೇರೆಯವರ ಕಣ್ಣಿಗೆ ಬೀಳದ ಒಂದು ಜೀವ ಅವನ ಹೆಗಲ ಹಿಂದೆ ಸದಾ ಇರುತ್ತದೆ. ಒಂದರಲ್ಲಿ ಆ ವಸ್ತು ಕೊಲ್ಲುವ ಪುಸ್ತಕ, ಹೆಗಲ ಹಿಂದೆ ಸೇಬು ತಿನ್ನುವ ರ್‍ಯೂಕ್. ಇನ್ನೊಂದರಲ್ಲಿ ಅಜ್ಜನ ಅಟ್ಟದ ಮೇಲಿದ್ದ, ಕಪ್ಪು–ಬಿಳಿ ಕಲ್ಲುಗಳಿಂದ ಆಡುವ ಗೊ ಆಟದ ಮಣೆ, ಹೆಗಲ ಹಿಂದೆ ಸುಮಾರು ಸಾವಿರ ವರ್ಷ ಹಿಂದಿನ ಹೆಯಾನ್ ಕಾಲದ ಆಟಗಾರ ಸಾಯ್. ಒಬ್ಬನಿಗೆ ಬೇಸರ ಕಳೆದರೆ ಸಾಕು, ಇನ್ನೊಬ್ಬನಿಗೆ ಇನ್ನೊಂದೇ ಒಂದು ಆಟ ಆಡಬೇಕೆಂಬ ಹಸಿವು. 2001ರಿಂದ 2003ರವರೆಗೆ ಬಂದ 75 ಕಂತಿನ ಸರಣಿ ಇದು. ಬೆರಳ ತುದಿಯಲ್ಲಿ ಕಲ್ಲು ಹಿಡಿದು ಮಣೆಯ ಮೇಲೆ ಠಕ್ಕನೆ ಇಡುವುದನ್ನೇ ಕತ್ತಿ ಬೀಸಿದಂತೆ ತೋರಿಸುತ್ತಾರೆ. ಆಟದ ನಿಯಮ ಗೊತ್ತಿಲ್ಲದವರೂ ಉಸಿರು ಬಿಗಿಹಿಡಿದು ನೋಡಬಹುದು. ರ್‍ಯೂಕ್ ಮತ್ತು ಲೈಟ್ ನಡುವಿನ ಹರಟೆ ಇಷ್ಟಪಟ್ಟವರಿಗೆ ಇದನ್ನು ಹೇಳಿ ನೋಡಿ.

ಹೆಸರು ಹಿಡಿದು ಹೋಗಿ ಅಂದೆನಲ್ಲ, ಅದಕ್ಕೂ ಮಿತಿ ಇದೆ. ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ನೋಡಿದವರು ಯುದ್ಧಕಾಲದ ಸಾಮಾನ್ಯರ ಬದುಕಿನ ಇನ್ನೊಂದು ಚಿತ್ರ ಕೇಳಿದರೆ ನಾನು ಹೇಳುವುದು 2016ರ ‘ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್’. ನಿರ್ದೇಶನ ಸುನಾವೊ ಕತಬುಚಿ. ಈಗ ಕತಬುಚಿ ಅವರ ಹೆಸರು ಹಿಡಿದು ಮುಂದೆ ಹೋದರೆ ಸಿಗುವುದು 2006ರ ‘ಬ್ಲ್ಯಾಕ್ ಲಗೂನ್’, ಕಡಲುಗಳ್ಳರು, ಕೂಲಿ ಕೊಲೆಗಾರರು, ಕಂತಿಗೊಂದು ಗುಂಡಿನ ಸುರಿಮಳೆ. ಒಳ್ಳೆಯ ಸರಣಿಯೇ. ಕಣ್ಣೊರೆಸಿಕೊಳ್ಳುತ್ತಾ ಬಂದವರ ಕೈಗೆ ಕೊಡುವಂಥದ್ದಲ್ಲ.

ಫೈರ್‌ಫ್ಲೈಸ್ ಮಾತು ಬಂದಿದ್ದಕ್ಕೆ ಇನ್ನೊಂದು. ಇಸಾವೊ ತಕಾಹತಾ ಅವರ ಆ ಚಿತ್ರವೂ ಹಯಾವೊ ಮಿಯಾಜಾಕಿ ಅವರ ‘ಮೈ ನೇಬರ್ ಟೊಟೊರೊ’ವೂ 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರವಾಗಿ ತೆರೆಕಂಡವು. ಸ್ಟುಡಿಯೋ ಒಂದೇ, ದಿನ ಒಂದೇ, ಎರಡರಲ್ಲೂ ಅಮ್ಮ ಜೊತೆಗಿಲ್ಲದ ಇಬ್ಬರು ಒಡಹುಟ್ಟಿದವರು. ಕಾಗದದ ಮೇಲೆ ಇದಕ್ಕಿಂತ ಹತ್ತಿರದ ಜೋಡಿ ಸಿಗುವುದು ಕಷ್ಟ. ಆದರೂ ಒಂದನ್ನು ನೋಡಿದವರಿಗೆ ‘ಇದೇ ಥರದ್ದು’ ಅಂತ ಇನ್ನೊಂದನ್ನು ಕೊಡುವ ಧೈರ್ಯ ಯಾರಿಗಿದೆ?

ಫೈರ್‌ಫ್ಲೈಸ್‌ನಲ್ಲಿ ಸೆಯ್ತಾ ಖಾಲಿಯಾದ ಮಿಠಾಯಿ ಡಬ್ಬಿಗೆ ನೀರು ಹಾಕಿ ಅಲ್ಲಾಡಿಸಿ ತಂಗಿಗೆ ಕುಡಿಸುತ್ತಾನೆ. ‘ಇನ್ ದಿಸ್ ಕಾರ್ನರ್’ನ ಸುಜು, ಕುರೆ ಬಂದರಿಗೆ ಸೊಸೆಯಾಗಿ ಬಂದವಳು, ಪಡಿತರ ಸಾಲದಾದಾಗ ದಾರಿಬದಿಯ ಸೊಪ್ಪು ಕಿತ್ತು ತಂದು, ಹಾಡು ಗುನುಗುತ್ತಾ, ಸೌಟನ್ನು ಪಿಟೀಲಿನಂತೆ ಹಿಡಿದು ಅಡುಗೆ ಮಾಡುತ್ತಾಳೆ. ಹಸಿವು ಅದೇ. ಒಂದು ಚಿತ್ರ ಆ ಹಸಿವಿನ ಕಣ್ಣಿಗೆ ಕಣ್ಣಿಟ್ಟು ಕೂರುತ್ತದೆ, ಇನ್ನೊಂದು ಅದರ ಪಕ್ಕದಲ್ಲೇ ದಿನದ ಕೆಲಸ ಮಾಡಿಕೊಂಡಿರುತ್ತದೆ. ಫೈರ್‌ಫ್ಲೈಸ್ ನೋಡಿದ ಮಾರನೆಯ ದಿನವೇ ಇದನ್ನು ಕೊಡಬೇಡಿ. ಕೆಲವು ಚಿತ್ರಗಳ ನಂತರ ಸ್ವಲ್ಪ ದಿನ ಏನನ್ನೂ ಶಿಫಾರಸು ಮಾಡದಿರುವುದೇ ಒಳ್ಳೆಯದು.

‘ಫ್ರೀರೆನ್’ ವಿಷಯಕ್ಕೆ ಬರೋಣ. ಈಚೆಗೆ ‘ಇದೇ ಥರದ್ದು’ ಅಂತ ಇದಕ್ಕೆ ಕೇಳಿದಷ್ಟು ಜನ ಬೇರೆ ಯಾವುದಕ್ಕೂ ನನ್ನನ್ನು ಕೇಳಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮೊದಲ ಸೀಸನ್, 28 ಕಂತು, ಮ್ಯಾಡ್‌ಹೌಸ್ ಸ್ಟುಡಿಯೋ, ನಿರ್ದೇಶಕ ಕೆಯ್‌ಇಚಿರೊ ಸಾಯ್ತೊ. ಅವರು ಅದಕ್ಕೆ ಮುಂಚೆ ನಿರ್ದೇಶಿಸಿದ್ದು 2022ರ ‘ಬೊಚ್ಚಿ ದ ರಾಕ್!’, ಜನರ ಮುಖ ನೋಡಿದರೆ ಕರಗಿಹೋಗುವ ಗಿಟಾರ್ ಹುಡುಗಿಯ ಕಿರುಚಾಟದ ಹಾಸ್ಯ. ಮೌನ ಹುಡುಕಿಕೊಂಡು ಬಂದವರಿಗೆ ಅದು ಮರುದಿನದ ಊಟವಾಗಲಾರದು.

ಫ್ರೀರೆನ್‌ನಲ್ಲಿ ರಾಕ್ಷಸರ ದೊರೆಯನ್ನು ಕೊಂದಾಗಿದೆ, ಕಥೆ ಶುರುವಾಗುವುದು ಆಮೇಲೆ. ಹತ್ತು ವರ್ಷ ಜೊತೆಗೆ ಅಲೆದ ನಾಲ್ವರು ಉಲ್ಕೆಗಳ ಮಳೆ ನೋಡುತ್ತಾರೆ, ಅದು ಐವತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಮುಂದಿನ ಸಲ ಇದಕ್ಕಿಂತ ಚೆನ್ನಾಗಿ ಕಾಣುವ ಜಾಗಕ್ಕೆ ಕರೆದೊಯ್ಯುತ್ತೇನೆ ಅಂತ ಫ್ರೀರೆನ್ ಹೇಳುತ್ತಾಳೆ, ಮುಂದಿನ ವಾರದ ಮಾತಿನಂತೆ. ಅವಳು ಎಲ್ಫ್, ಸಾವಿರ ವರ್ಷ ದಾಟಿದವಳು. ಐವತ್ತು ವರ್ಷ ಕಳೆದು ಬಂದಾಗ ನಾಯಕ ಹಿಮ್ಮೆಲ್ ಕುಳ್ಳಗಿನ ಬೋಳುತಲೆಯ ಮುದುಕ. ಅವನ ಅಂತ್ಯಸಂಸ್ಕಾರದಲ್ಲಿ ಅವಳಿಗೆ ಮೊದಲ ಸಲ ಅಳು ಬರುತ್ತದೆ, ಇವನನ್ನು ಇನ್ನಷ್ಟು ತಿಳಿದುಕೊಳ್ಳಬೇಕಿತ್ತು ಅಂತ.

ಈ ಅಳು ತಾಗಿದವರಿಗೆ 2018ರ ‘ಮಾಕಿಯಾ’ ಚಿತ್ರ ಹೇಳಿ. ಚಿತ್ರಕಥೆಗಾರ್ತಿ ಮಾರಿ ಒಕಾದಾ ನಿರ್ದೇಶಿಸಿದ ಮೊದಲ ಚಿತ್ರ ಅದು. ಮುಪ್ಪು ಬಾರದ ಕುಲದ ಹುಡುಗಿಯೊಬ್ಬಳು ಮನುಷ್ಯರ ಅನಾಥ ಶಿಶುವನ್ನು ಸಾಕುತ್ತಾಳೆ. ಮಗ ಅವಳ ಎತ್ತರಕ್ಕೆ ಬರುತ್ತಾನೆ, ಅವಳನ್ನು ದಾಟಿ ಬೆಳೆಯುತ್ತಾನೆ, ಅವಳು ಹಾಗೇ ಇರುತ್ತಾಳೆ. ಚಿತ್ರ ನೋಡುಗರ ಕಣ್ಣೀರನ್ನು ಸ್ವಲ್ಪ ಜಬರದಸ್ತಿಯಿಂದಲೇ ತೆಗೆಸುತ್ತದೆ ಅನ್ನುವುದು ನನ್ನ ತಕರಾರು, ಆದರೂ ಹೇಳುತ್ತೇನೆ.

ಅಳುವಿಗಿಂತ ಆ ನಡಿಗೆ ಇಷ್ಟವಾದವರಿದ್ದಾರೆ. ಊರಿಂದ ಊರಿಗೆ ಹೋಗುವುದು, ಯಾರದ್ದೋ ಸಣ್ಣ ಕೆಲಸ ಮಾಡಿಕೊಟ್ಟು ಮುಂದೆ ಸಾಗುವುದು. ಅವರಿಗೆ 2005ರ ‘ಮುಶಿಶಿ’. ಮರಕ್ಕೂ ಪ್ರಾಣಿಗೂ ಸೇರದ, ಕಣ್ಣಿಗೆ ಅಷ್ಟಾಗಿ ಕಾಣದ ಜೀವಗಳಿಂದ ತೊಂದರೆಗೆ ಸಿಕ್ಕವರನ್ನು ಗಿಂಕೊ ಎಂಬ ಅಲೆಮಾರಿ ನೋಡಿಕೊಳ್ಳುತ್ತಾನೆ. ಮೊದಲ ಕಂತಿನ ಹುಡುಗ ಎಡಗೈಯಲ್ಲಿ ಬರೆದದ್ದೆಲ್ಲ ಜೀವ ತಳೆದು ಕಾಗದದಿಂದ ಎದ್ದು ಹೋಗುತ್ತದೆ. ಕಂತಿಗೊಂದು ಕಥೆ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಒಂದೇ ರಾತ್ರಿ ಎಂಟು ಕಂತು ನೋಡುವ ಅಭ್ಯಾಸದವರಿಗೆ ಮಾತ್ರ ಕೈಮುಗಿದು ಹೇಳಿ, ಇದನ್ನು ಹಾಗೆ ನೋಡಬೇಡಿ, ರಾತ್ರಿಗೊಂದು ಸಾಕು. ಇದಾದ ಮೇಲೆ 2003ರ ‘ಕಿನೋಸ್ ಜರ್ನಿ’, ಮಾತಾಡುವ ಮೋಟಾರ್‌ಸೈಕಲ್ ಏರಿ ಯಾವ ದೇಶದಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲದ ಕಿನೋ. ಅದು ಮುಶಿಶಿಗಿಂತ ಕಹಿ.

ಇನ್ನು ಫ್ರೀರೆನ್‌ನ ಎರಡನೆಯ ಅರ್ಧದ ಮಾಂತ್ರಿಕರ ಪರೀಕ್ಷೆಯೇ ಮಜವಾಗಿತ್ತು ಅನ್ನುವವರಿಗೆ ಇವು ಯಾವುವೂ ಬೇಡ, 2011ರ ‘ಹಂಟರ್ ಎಕ್ಸ್ ಹಂಟರ್’ ಸಾಕು. ಅಲ್ಲಿ ಪರೀಕ್ಷೆಯಿಂದಲೇ ಕಥೆಯ ಶುರು. 148 ಕಂತು, ತಿಂಗಳುಗಟ್ಟಲೆ ನಿಮ್ಮ ತಂಟೆಗೆ ಬರುವುದಿಲ್ಲ.

ಉದ್ದದ ವಿಷಯವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ‘ನರುಟೊ’ದ 220, ಅದರ ಮುಂದುವರಿಕೆ ‘ಶಿಪ್ಪುಡೆನ್’ನ 500 ಕಂತು ನೋಡಿ ಬಂದವರಿಗೆ ಹನ್ನೆರಡು ಕಂತಿನ ಸರಣಿ ಎಷ್ಟೇ ಚೆನ್ನಾಗಿದ್ದರೂ ಹೊಟ್ಟೆ ತುಂಬುವುದಿಲ್ಲ. ಅವರು ಕಳೆದುಕೊಂಡದ್ದು ದಿನಾ ಸಂಜೆ ಜೊತೆಗಿರುತ್ತಿದ್ದ ಬಳಗವನ್ನು. ಅವರಿಗೆ ಉದ್ದವೇ ಔಷಧ. ಅದೇ ರೀತಿ ಎರಡು ಗಂಟೆಯ ಚಿತ್ರವೊಂದಕ್ಕೆ ಮನಸೋತವರಿಗೆ 110 ಕಂತಿನ ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’ ಹೇಳಿದರೆ ಅವರು ನಯವಾಗಿ ತಲೆಯಾಡಿಸಿ ಮನೆಗೆ ಹೋಗುತ್ತಾರೆ, ನೋಡುವುದಿಲ್ಲ.

ಚಿತ್ರಶೈಲಿಯ ತೊಡಕೂ ಇದೆ. ವಾಲಿಬಾಲ್ ಸರಣಿ ‘ಹೈಕ್ಯೂ’ ನೋಡಿ ಬಂದವರಿಗೆ ಮಸಾಕಿ ಯುವಾಸಾ ಅವರ 2014ರ ‘ಪಿಂಗ್ ಪಾಂಗ್’ ತೋರಿಸಿದರೆ ಮೊದಲ ನೋಟಕ್ಕೆ ಗೀಚಿದಂತೆ ಕಾಣುತ್ತದೆ, ಗೆರೆಗಳು ನಡುಗುತ್ತವೆ, ಮುಖಗಳು ಸೊಟ್ಟ. ಹನ್ನೊಂದೇ ಕಂತಿನಲ್ಲಿ ಗೆಲ್ಲುವವರ ಭಯ, ಸೋಲುವವರ ನೆಮ್ಮದಿ ಎರಡನ್ನೂ ಹೇಳಿ ಮುಗಿಸಿದ ಕ್ರೀಡಾಸರಣಿ ನನಗೆ ಗೊತ್ತಿದ್ದಂತೆ ಇನ್ನೊಂದಿಲ್ಲ. ಕೊಡುವಾಗ ಒಂದು ಮಾತು ಸೇರಿಸಿ: ಗೆರೆ ಹೀಗೇ ಇರುತ್ತದೆ, ಆಟ ಶುರುವಾದ ಮೇಲೆ ಯಾಕೆ ಅಂತ ಗೊತ್ತಾಗುತ್ತದೆ. ಕುಂದನ್ನು ಮುಂಚೆ ಹೇಳಿದರೆ ಜನ ಅದನ್ನು ಕ್ಷಮಿಸುತ್ತಾರೆ. ತಾವೇ ಕಂಡುಹಿಡಿದರೆ ಕ್ಷಮಿಸುವುದಿಲ್ಲ. 2011ರ ‘ಸ್ಟೈನ್ಸ್ ಗೇಟ್’ ಅರ್ಧದವರೆಗೆ ಕುಂಟುತ್ತದೆ. ಹನ್ನೆರಡನೆಯ ಕಂತಿನ ತನಕ ತಡೆದುಕೊಳ್ಳಿ ಅಂತ ಹೇಳದೆ ಕೊಟ್ಟವರು ಆ ಸರಣಿಗೆ ಅನ್ಯಾಯ ಮಾಡಿದಂತೆ.

ನಿರ್ದೇಶಕ ಮಕೊತೊ ಶಿಂಕಾಯ್ ಬಗ್ಗೆ ಎರಡೇ ಮಾತು. 2016ರ ‘ಯುವರ್ ನೇಮ್’ ನೋಡಿ ಕುಣಿದಾಡಿದವರಿಗೆ ಅವರದ್ದೇ 2007ರ ‘ಫೈವ್ ಸೆಂಟಿಮೀಟರ್ಸ್ ಪರ್ ಸೆಕೆಂಡ್’ ಕೊಡುವ ಚಾಳಿ ಎಲ್ಲರಿಗೂ ಇದೆ. ಹಿಮದಲ್ಲಿ ರೈಲು ಗಂಟೆಗಟ್ಟಲೆ ನಿಂತುಬಿಡುವುದು, ಹುಡುಗ ಕೈಕಟ್ಟಿ ತಲೆತಗ್ಗಿಸಿ ಕೂತಿರುವುದು, ಅವಳು ಮನೆಗೆ ಹೋಗಿಬಿಟ್ಟಿರಲಿ ಅಂತ ಬೇಡಿಕೊಳ್ಳುವುದು, ಅದ್ಭುತ ದೃಶ್ಯ. ಆದರೆ ‘ಯುವರ್ ನೇಮ್’ನಲ್ಲಿ ಅವರು ಇಷ್ಟಪಟ್ಟದ್ದು ದೇಹ ಅದಲುಬದಲಾಗುವ ತಮಾಷೆ, ಕೊನೆಯ ಓಟ ಆಗಿದ್ದರೆ ಮಮೊರು ಹೊಸೊದಾ ಅವರ 2006ರ ‘ದ ಗರ್ಲ್ ಹೂ ಲೆಪ್ಟ್ ಥ್ರೂ ಟೈಮ್’ ಹೆಚ್ಚು ಹತ್ತಿರ.

ಶಿಫಾರಸು ಮಾಡುವುದರಲ್ಲಿ ಒಂದು ಬಲೆ ಇದೆ, ನಾವು ಹೋಲಿಕೆ ಹೇಳಿದ್ದೇ ಗುಟ್ಟು ಬಿಟ್ಟುಕೊಟ್ಟಂತಾಗುವುದು. ‘ಮಡೋಕಾ ಮ್ಯಾಜಿಕಾ’ 2011ರ ಸರಣಿ, 12 ಕಂತು. ಅದನ್ನು ಮೆಚ್ಚಿದವರಿಗೆ ‘ಇದರಲ್ಲೂ ಹಾಗೇ ಆಗುತ್ತದೆ’ ಅಂತ ಇನ್ನೊಂದರ ಹೆಸರು ಹೇಳಿದಿರೋ, ಹೊಸದರ ಮೊದಲ ಕಂತಿನಿಂದಲೇ ಅವರು ಕಾಯುತ್ತಾ ಕೂರುತ್ತಾರೆ. ಕಥೆಗಾರ ಗೆನ್ ಉರೊಬುಚಿ ಅವರ ಹೆಸರು ಹೇಳಿದರೂ ತಿಳಿದವರಿಗೆ ಸುಳಿವು ಸಿಕ್ಕಿತು. ಇಂಥ ಕಡೆ ನಾನು ಸ್ವಲ್ಪ ಮೋಸ ಮಾಡುತ್ತೇನೆ, ತಪ್ಪೇನೂ ಅನ್ನಿಸುವುದಿಲ್ಲ. ಕೇಳಿದ್ದಕ್ಕೆ ನೇರ ಉತ್ತರ ಕೊಡದೆ, ಬೇರೆ ಯಾವುದೋ ಮಾತಿನ ನಡುವೆ ಆ ಹೆಸರು ಹೇಳುತ್ತೇನೆ, ಬಣ್ಣ ಚೆನ್ನಾಗಿದೆ ಅಂತಲೋ ಹಾಡು ಚೆನ್ನಾಗಿದೆ ಅಂತಲೋ.

ಹಾಗಾದರೆ ಆ್ಯಪ್‌ಗಳೇ ಹೇಳುತ್ತವಲ್ಲ ಅನ್ನಬಹುದು. ಅವು ಹೆಚ್ಚಾಗಿ ನೋಡುವುದು ಇದನ್ನು ನೋಡಿದವರು ಇನ್ನೇನು ನೋಡಿದ್ದಾರೆ ಎಂಬುದನ್ನು. ಎಲ್ಲರೂ ನೋಡಿದ್ದು ಎಲ್ಲದರ ಪಕ್ಕದಲ್ಲೂ ಬಂದು ಕೂರುತ್ತದೆ, ಕೆಲವರೇ ನೋಡಿದ್ದು ಎಲ್ಲೂ ಕಾಣುವುದಿಲ್ಲ. ಆ್ಯಪ್‌ಗೆ ನೀವು ಯಾವ ಕಂತಿನಲ್ಲಿ ನಿಲ್ಲಿಸಿದಿರಿ ಅಂತ ಗೊತ್ತು, ಯಾಕೆ ನಿಲ್ಲಿಸಿದಿರಿ ಅಂತ ಗೊತ್ತಿಲ್ಲ. ಎದುರು ಕೂತವರನ್ನು ಆ ಪ್ರಶ್ನೆ ಕೇಳಬಹುದು.

*

(ಸಭೆಯ ಪ್ರಶ್ನೆಗಳಿಂದ)

‘ಅಟ್ಯಾಕ್ ಆನ್ ಟೈಟನ್’ ಮುಗಿಸಿದವರಿಗೆಲ್ಲ ‘ವಿನ್‌ಲ್ಯಾಂಡ್ ಸಾಗಾ’ ಹೇಳುತ್ತಾರೆ. ನಾನು ಎರಡನೆಯ ಸೀಸನ್‌ನಲ್ಲಿ ಬಿಟ್ಟೆ, ಏನೂ ನಡೆಯುವುದಿಲ್ಲ. ಶಿಫಾರಸು ತಪ್ಪೇ?

ಹೊರಗಿನ ಹೋಲಿಕೆ ಗಟ್ಟಿಯಾಗಿದೆ. ಎರಡನ್ನೂ ಶುರು ಮಾಡಿದ್ದು ವಿಟ್ ಸ್ಟುಡಿಯೋ, ಎರಡನ್ನೂ ಆಮೇಲೆ ಮಾಪ್ಪಾ ಕೈಗೆತ್ತಿಕೊಂಡಿತು. ವಿನ್‌ಲ್ಯಾಂಡ್‌ನ 2019ರ ಮೊದಲ ಸೀಸನ್‌ನಲ್ಲಿ ಸೇಡು, ರಕ್ತ, ಯುದ್ಧ ಎಲ್ಲ ಇದೆ. 2023ರ ಎರಡನೆಯದರಲ್ಲಿ ಆ ಸೇಡಿಗೆ ಹೊರಟಿದ್ದ ಹುಡುಗನೇ ಜೀತದಾಳಾಗಿ ಕಾಡು ಕಡಿದು ಹೊಲ ಮಾಡಿ ಗೋಧಿ ಬಿತ್ತುತ್ತಾನೆ. ಟೈಟನ್‌ನಲ್ಲಿ ನಿಮಗೆ ಗೋಡೆ ಹತ್ತಿ ಹಾರುವ ಕಾಳಗ ಬೇಕಾಗಿತ್ತು ಅಂದರೆ ಇದು ತಪ್ಪು ಶಿಫಾರಸು, ನೀವು ಬಿಟ್ಟದ್ದು ಸರಿ. ಕೊಂದ ಮೇಲೆ ಕೊಂದವನು ಹೇಗೆ ಬದುಕುತ್ತಾನೆ ಎಂಬುದು ಟೈಟನ್‌ನ ಕೊನೆಯ ಭಾಗದಲ್ಲಿ ನಿಮ್ಮನ್ನು ಕಾಡಿದ್ದರೆ ಆ ಗೋಧಿ ಹೊಲಕ್ಕೆ ವಾಪಸ್ ಹೋಗಿ. ಯಾವುದು ಅಂತ ನೀವೇ ಹೇಳಬೇಕು.

‘ಎವಾಂಗೆಲಿಯನ್’ ಥರದ್ದು ಯಾವುದೂ ಇಲ್ಲ ಅನ್ನುತ್ತಾರೆ. ನಿಜವೇ?

ರೋಬೋ ಇರುವ ಕಡೆಯೇ ಹುಡುಕಿದರೆ ನಿಜ. 2002ರ ‘ರಾಸೆಫೋನ್’ ಹತ್ತಿರ ಬರುತ್ತದೆ. ಹಿಂದಕ್ಕೆ ಹೋದರೆ 1980ರ ‘ಇಡಿಯೊನ್’ ಇದೆ. ಆದರೆ ಎವಾಂಗೆಲಿಯನ್‌ನಲ್ಲಿ ಒಂದು ಲಿಫ್ಟ್ ದೃಶ್ಯ ಇದೆ ನೋಡಿ, ಆಸ್ಕಾ ಮತ್ತು ರೇಯ್ ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ, ಚಿತ್ರ ಅಲುಗಾಡುವುದೇ ಇಲ್ಲ, ಹೆಚ್ಚುಕಡಿಮೆ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ನಿಮಗೆ ಅದು ನೆನಪಿದೆಯಾ? ತಲೆ ಆಡಿಸುತ್ತಿದ್ದೀರಿ, ಹಾಗಾದರೆ ಅದರ ನಿರ್ದೇಶಕ ಹಿದೆಯಾಕಿ ಅನ್ನೊ ಅದೇ ಗೈನಾಕ್ಸ್ ಸ್ಟುಡಿಯೋದಲ್ಲಿ 1998ರಲ್ಲಿ ಮಾಡಿದ ‘ಕರೆ ಕನೊ’ ನೋಡಿ. ಶಾಲೆಯ ಪ್ರೇಮಕಥೆ. ಹೊರಗೆ ಎಲ್ಲರ ಮೆಚ್ಚಿನ ವಿದ್ಯಾರ್ಥಿನಿ, ಮನೆಯೊಳಗೆ ಹಳೇ ಟ್ರ್ಯಾಕ್‌ಸೂಟ್ ಹಾಕಿಕೊಂಡು ಹೊಗಳಿಕೆಗೆ ಬಾಯಿಬಿಡುವ ಯುಕಿನೊ, ಅವಳ ಗುಟ್ಟು ಕಂಡುಬಿಟ್ಟ ಅರಿಮಾ. ಪರದೆಯ ಮೇಲೆ ತಟ್ಟನೆ ಬಂದು ಹೋಗುವ ಅಕ್ಷರಗಳು, ಖಾಲಿ ರಸ್ತೆಯ ಸಿಗ್ನಲ್ ದೀಪ, ತಂತಿಕಂಬ, ಶಿರೊ ಸಗಿಸು ಅವರ ಸಂಗೀತ, ತನ್ನೊಳಗೇ ವಾದ ಮಾಡಿಕೊಳ್ಳುವ ಹದಿಹರೆಯದವರು, ಎಲ್ಲ ಎವಾಂಗೆಲಿಯನ್‌ನಿಂದಲೇ ಎದ್ದು ಬಂದಂತಿದೆ. 26 ಕಂತು, ಮಧ್ಯದಲ್ಲಿ ಅನ್ನೊ ಹಿಂದೆ ಸರಿದರು, ಕೊನೆಯ ಭಾಗ ಕಳಪೆ, ಕಥೆ ಮುಗಿಯುವುದೂ ಇಲ್ಲ. ಮೊದಲ ನಾಲ್ಕು ಕಂತು ನೋಡಿ. ಆಗಲೂ ರೋಬೋ ಯಾವಾಗ ಬರುತ್ತದೆ ಅನ್ನಿಸುತ್ತಿದ್ದರೆ ಅದನ್ನು ನಿಲ್ಲಿಸಿ ರಾಸೆಫೋನ್ ಹಾಕಿಕೊಳ್ಳಿ.